ಉಪ್ಪು ನೀರಾಯಿತೇ?

ಹಲಗೂರಿನ ಮನೆಗಳಲ್ಲಿ ಮುದ್ದೆಯ ಎಸರಿಗೆ ಹಾಕಿದ ನಾಲ್ಕು ಹರಳು ಕಲ್ಲುಪ್ಪು ಕ್ಷಣದಲ್ಲಿ ಕಾಣದಾಗುವುದು. ಉಪ್ಪು ನೀರಾಯಿತೆಂದರೆ ಅದು ಪೂರ್ಣ ಸತ್ಯವಲ್ಲ.

ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿನಿಂದ ರಾತ್ರಿ ನೀರಿಗೆ ಉಪ್ಪು ಹಾಕಿಸಿ, ಬೆಳಗ್ಗೆ ಅದನ್ನು ತರಹೇಳಿದನು. ಉಪ್ಪು ಕೈಗೆ ಸಿಕ್ಕಲಿಲ್ಲ. ನೀರನ್ನು ಎಲ್ಲಿ ಸವಿದರೂ ಉಪ್ಪೇ!

ಇದರ ಕಾರಣವನ್ನು ಪದಾರ್ಥವಿಜ್ಞಾನವು ಬಿಡಿಸಿ ಹೇಳುತ್ತದೆ. ಸೋಡಿಯಂ ಮತ್ತು ಕ್ಲೋರಿನ್ನಿನ ಕಣಗಳು ಧನ-ಋಣ ವಿದ್ಯುದಂಶಗಳ ಸೆಳೆತದಿಂದ ಒಂದನ್ನೊಂದು ಹಿಡಿದು ಹರಳಾಗಿರುತ್ತವೆ. ನೀರಿನ ಅಣುಗಳು ಅವನ್ನು ಬಿಡಿಸಿ, ಸುತ್ತುವರಿದು, ಎಲ್ಲೆಡೆ ಹರಡುತ್ತವೆ. 100 ಗ್ರಾಂ ನೀರಿಗೆ 10 ಗ್ರಾಂ ಉಪ್ಪು ಬೆರೆಸಿ ತೂಗಿದರೆ 110 ಗ್ರಾಂ ಇದ್ದೇ ಇರುವುದು. ನೀರಿನ ಔದಾರ್ಯಕ್ಕೂ ಮೇರೆಯುಂಟೆನ್ನಿ: ಸಾಧಾರಣ ಉಷ್ಣತೆಯಲ್ಲಿ ಅಷ್ಟು ನೀರು ಸುಮಾರು 36 ಗ್ರಾಂ ಉಪ್ಪನ್ನು ಮಾತ್ರ ಕರಗಿಸಿಕೊಳ್ಳಬಲ್ಲುದು, ಮಿಕ್ಕುದು ತಳದಲ್ಲಿ ನಿಲ್ಲುವುದು.

ಐಕ್ಯಸ್ಥಲವನ್ನು ವಿವರಿಸಲು ಉಪ್ಪು-ನೀರಿನ ಉಪಮಾನವನ್ನು ತರುವವರು ಒಂದನ್ನು ಗಮನಿಸಬೇಕು. ನೀರು ಆರಿದರೆ ಉಪ್ಪು ಹರಳಾಗಿ ಮರಳುತ್ತದೆ; ಗೋಕರ್ಣದ ಸಮೀಪದ ಸಾಣಿಕಟ್ಟಾ ಉಪ್ಪಿನಾಗರಗಳಲ್ಲಿ ಕಡಲ ನೀರಿಗೆ ಬಿಸಿಲು ಮಾಡುವುದೂ ಇದನ್ನೇ. ಲಿಂಗೈಕ್ಯನಾದ ಶರಣನು ಹೀಗೆ ಮರಳುವವನಲ್ಲ. ಬೆರೆತುದು ಕಣ್ಣಿಗೆ ಕಾಣದೆಯೂ ಎಲ್ಲೆಲ್ಲಿಯೂ ಇದೆಯೆಂಬಷ್ಟಕ್ಕೆ ಉಪ್ಪಿನ ಹೋಲಿಕೆ ಸಲ್ಲುವುದು. ಮರಳದ ಐಕ್ಯಕ್ಕೆ ಉರಿದು ಮುಗಿದ ಕರ್ಪೂರದ ಹೋಲಿಕೆಯೇ ಹತ್ತಿರ.