ಒಬ್ಬನ ತಪ್ಪಿಗೆ ಊರೆಲ್ಲಕ್ಕೆ ಮರಣ

ಪೋಲೆಂಡ್ ದೇಶದ ಜನರು 1939ರಿಂದ 1945ರ ವರೆಗೆ ಅನುಭವಿಸಿದ ಬಾಧೆಯ ವಿಷಯವಾದ ಒಂದು ಪಾಠ



ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅದನ್ನು ಹೇಳಿ ನಗುವದೂ ಉಂಟು. ಆದರೆ ಬಲಿಷ್ಠವಾದ ಒಂದು ರಾಜ್ಯವು ಆ ಗಾದೆಯನ್ನೇ ತನ್ನ ಆಳಿಕೆಯ ನಿಯಮವನ್ನಾಗಿ ಮಾಡಿಕೊಂಡು, ಬರೆಗೆ ಬದಲಾಗಿ ಗುಂಡನ್ನೂ ಬೆಂಕಿಯನ್ನೂ ಉಪಯೋಗಿಸಿದರೆ ಏನಾಗುವದೆಂಬದನ್ನು ಪೋಲೆಂಡ್ ದೇಶದವರು ಎರಡನೆಯ ಮಹಾಯುದ್ಧದ ಆರು ವರುಷಗಳಲ್ಲಿ ಕಂಡರು. ಈ ಪಾಠದಲ್ಲಿ ಅದರ ಕೆಲವು ಸಂಗತಿಗಳನ್ನು ಕ್ರಮವಾಗಿ ನೋಡಿ, ಕಡೆಗೆ ಅವುಗಳಿಂದ ನಾವು ಕಲಿಯತಕ್ಕದ್ದೇನೆಂದು ಯೋಚಿಸೋಣ. ಸಂಗತಿಗಳು ಕಠಿಣವಾದವುಗಳು. ಆದಕಾರಣ ಮಕ್ಕಳ ಮುಂದೆ ಇದನ್ನು ಓದುವವರು ಮೊದಲು ತಾವು ಓದಿಕೊಂಡು, ಹೇಳತಕ್ಕದ್ದನ್ನು ಆರಿಸಿಕೊಳ್ಳಲಿ.

1. ದೇಶವು ಪರರ ಕೈವಶವಾದದ್ದು

1939ನೆಯ ಸೆಪ್ಟೆಂಬರ 1ರಂದು ಜರ್ಮನಿಯ ಸೈನ್ಯವು ಪೋಲೆಂಡ್ ದೇಶದ ಮೇಲೆ ಬಿದ್ದಿತು. ಅದೇ ತಿಂಗಳ 17ರಂದು ಸೋವಿಯತ್ ಸೈನ್ಯವು ಮೂಡಲಿಂದ ಹೊಕ್ಕಿತು. ಹೀಗೆ ದೇಶವು ಎರಡು ಪಾಲಾಯಿತು. ಸೋವಿಯತ್ ಪಾಲಿನವರ ಕಷ್ಟಗಳು ಬೇರೊಂದು ಪಾಠಕ್ಕೆ ತಕ್ಕವು; ಇಲ್ಲಿ ಜರ್ಮನರ ಪಾಲಿಗೆ ಬಂದ ಸೀಮೆಯ ವಿಷಯವನ್ನು ಮಾತ್ರ ಹೇಳುತ್ತೇವೆ. ಪಡುವಲ ಜಿಲ್ಲೆಗಳನ್ನು ಜರ್ಮನಿಯು ತನ್ನ ರಾಜ್ಯಕ್ಕೇ ಸೇರಿಸಿಕೊಂಡಿತು. ನಡುಭಾಗಕ್ಕೆ ಹಾನ್ಸ್ ಫ್ರಾಂಕ್ ಎಂಬ ವಕೀಲನು ಅಧಿಪತಿಯಾಗಿ ಬಂದು ಕ್ರಾಕೋವ್ ಪಟ್ಟಣದ ಪುರಾತನ ಕೋಟೆಯಲ್ಲಿ ನೆಲೆಸಿದನು.

ಹಿಟ್ಲರನ ಸರಕಾರದ ಉದ್ದೇಶವು ಬರೇ ಯುದ್ಧದಲ್ಲಿ ಗೆಲ್ಲುವದಾಗಿರಲಿಲ್ಲ. ಆ ನೆಲದಲ್ಲಿ ಜರ್ಮನ್ ಒಕ್ಕಲುಗಳನ್ನು ಇರಿಸಬೇಕು, ಪೋಲೆಂಡಿನವರು ಓದುಬರಹವನ್ನು ಹೆಚ್ಚು ಕಲಿಯದೆ ಕೂಲಿಯಾಳುಗಳಾಗಿ ದುಡಿಯಬೇಕು ಎಂಬದೇ ಅದರ ಯೋಜನೆಯಾಗಿತ್ತು. ಆದದರಿಂದ ಹಿರಿಯ ಶಾಲೆಗಳನ್ನೂ ವಿಶ್ವವಿದ್ಯಾಲಯಗಳನ್ನೂ ಮುಚ್ಚಿದರು. ಹದಿನೈದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಜರ್ಮನಿಗೆ ಕೂಲಿಗಾಗಿ ಸಾಗಿಸಿದರು. ಆ ದೇಶದ ಯೆಹೂದ್ಯರನ್ನಂತೂ ಬೇರುಸಹಿತ ನಿರ್ಮೂಲ ಮಾಡಬೇಕೆಂದು ನಿಶ್ಚಯಿಸಿ, ಸುಮಾರು 30 ಲಕ್ಷ ಮಂದಿಯನ್ನು ಕೊಂದರು.

2. ವಾವೆರಿನ ರಾತ್ರಿ

ವಾವೆರ್ ಎಂಬದು ಆಗ ರಾಜಧಾನಿಯಾದ ವಾರ್ಸಾದ ಹೊರಗಿನ ಒಂದು ಚಿಕ್ಕ ಊರು. 1939ನೆಯ ದಶಂಬರ 26ರ ಸಾಯಂಕಾಲ, ಅಂದರೆ ಕ್ರಿಸ್ಮಸ್ ಹಬ್ಬದ ಮರುದಿನ, ಅಲ್ಲಿಯ ಒಂದು ಖಾನಾವಳಿಯಲ್ಲಿ ಇಬ್ಬರು ದುಷ್ಕರ್ಮಿಗಳು ತಮ್ಮನ್ನು ಹಿಡಿಯಲು ಬಂದ ಇಬ್ಬರು ಜರ್ಮನ್ ದಳದವರನ್ನು ಗುಂಡಿಟ್ಟು ಕೊಂದು ಓಡಿಹೋದರು. ಕೊಂದವರು ಇಂಥವರೆಂದು ಪೊಲೀಸರಿಗೆ ತಿಳಿದೇ ಇತ್ತು. ಆದರೂ ಜರ್ಮನರು ಆ ಖಾನಾವಳಿಯ ಯಜಮಾನನನ್ನು ಅವನ ಬಾಗಲಲ್ಲಿಯೇ ನೇತುಹಾಕಿದರು. ಅದು ಸಾಲದೆ, ವಾವೆರಿನಲ್ಲಿಯೂ ನೆರೆಯ ಆನಿನ್ ಎಂಬಲ್ಲಿಯೂ ಮಲಗಿದ್ದ ಗಂಡಸರನ್ನು ಎಬ್ಬಿಸಿ 120 ಮಂದಿಯನ್ನು ಎಳೆದು ತಂದರು. ವಿಚಾರಣೆ ಎಂಬದು ಹೆಸರಿಗೆ ಮಾತ್ರ ನಡೆಯಿತು. 27ರ ಬೆಳಗ್ಗೆ ಅವರೊಳಗೆ 107 ಮಂದಿ ಗುಂಡೇಟಿನಿಂದ ಸತ್ತರು. ಆ ಕೊಲೆಯನ್ನು ಮಾಡಿದವರಲ್ಲಿ ಅವರೊಳಗೆ ಒಬ್ಬನೂ ಇರಲಿಲ್ಲ. ಮುಂದಿನ ಐದು ವರುಷ ದೇಶದಲ್ಲೆಲ್ಲಾ ನಡೆದ ಕ್ರಮವು ಇದೇ: ತಪ್ಪಿತಸ್ಥನು ಸಿಕ್ಕದಿದ್ದರೆ ಸಿಕ್ಕಿದವನೇ ತಪ್ಪಿತಸ್ಥನು.

3. ಪಟ್ಟಿಯಲ್ಲಿ ಹೆಸರಿದ್ದವರು

ಕೆಲವರಿಗಾದರೋ ಇಷ್ಟು ನೆವವೂ ಬೇಕಾಗಿರಲಿಲ್ಲ. ಜನರನ್ನು ನಡಿಸತಕ್ಕ ಅಧ್ಯಾಪಕರು, ಪಾದ್ರಿಗಳು, ವೈದ್ಯರು, ವಕೀಲರು ಇವರ ಹೆಸರುಗಳನ್ನು ಮುಂದಾಗಿಯೇ ಪಟ್ಟಿಮಾಡಿದ್ದರು. 1939ನೆಯ ನವೆಂಬರ 6ರಂದು ಕ್ರಾಕೋವ್ ವಿಶ್ವವಿದ್ಯಾಲಯದ ಗುರುಗಳನ್ನು ಒಂದು ಉಪನ್ಯಾಸಕ್ಕೆಂದು ಕರೆಕಳುಹಿಸಿ, 183 ಮಂದಿಯನ್ನು ಹಿಡಿದು ಸೆರೆಗೆ ಒಯ್ದರು. 1940ನೆಯ ಜೂನ್ 20, 21ರಂದು ವಾರ್ಸಾದ ಹತ್ತಿರದ ಪಾಲ್ಮಿರಿ ಕಾಡಿನಲ್ಲಿ ಗುಂಡಿಗೆ ಗುರಿಯಾದವರೊಳಗೆ ರೈತಪಕ್ಷದ ಮುಂದಾಳೂ ಶಾಸನಸಭೆಯ ಮಾಜಿ ಅಧ್ಯಕ್ಷನೂ ಆದ ಮಾಚೆಯ್ ರಾತಾಯ್ ಒಬ್ಬನು. 1932ರ ಒಲಿಂಪಿಕ್ ಪಂದ್ಯದ ಓಟದಲ್ಲಿ ಚಿನ್ನದ ಪದಕವನ್ನು ಗೆದ್ದ ಯಾನುಷ್ ಕುಸೋಚಿನ್ಸ್ಕಿ ಇನ್ನೊಬ್ಬನು.

ಪ್ರೊಟೆಸ್ಟಂಟ್ ಸಭೆಗೆ ಸೇರಿದ ಒಬ್ಬರ ಹೆಸರನ್ನೂ ಇಲ್ಲಿ ಹೇಳಬೇಕು. ಯೂಲಿಯುಷ್ ಬುರ್ಶೆ ಎಂಬವರು 1862ರಲ್ಲಿ ಹುಟ್ಟಿದವರು, ಪೋಲೆಂಡಿನ ಲೂಥರನ್ ಸಭೆಯ ಬಿಷಪರು. ಅವರ ವಂಶವು ಜರ್ಮನ್ ಮೂಲದ್ದು. ಆದರೆ ತಾನು ಹುಟ್ಟಿ ಬೆಳೆದ ಪೋಲೆಂಡೇ ತನ್ನ ದೇಶವೆಂದು ಅವರು ಹೇಳಿ ನಡೆದರು. ಜರ್ಮನರು ಇದನ್ನು ಕ್ಷಮಿಸಲಿಲ್ಲ. 1939ನೆಯ ಅಕ್ಟೋಬರಿನಲ್ಲಿ, 77 ವರುಷದ ಪ್ರಾಯದಲ್ಲಿ, ಅವರನ್ನು ಹಿಡಿದು ಸಾಕ್ಸೆನ್‌ಹೌಸೆನ್ ಸೆರೆಪಾಳೆಯಕ್ಕೆ ಕಳುಹಿಸಿದರು. 1942ನೆಯ ಫೆಬ್ರವರಿಯಲ್ಲಿ ಅವರು ಬರ್ಲಿನಿನಲ್ಲಿ ಸೆರೆಯಾಳಾಗಿಯೇ ತೀರಿಹೋದರು. ದೇವಶಾಸ್ತ್ರದ ಗುರುಗಳಾಗಿದ್ದ ಅವರ ತಮ್ಮ ಎಡ್ಮುಂಡ್ ಅದಕ್ಕೆ ಮೊದಲೇ, 1940ರಲ್ಲಿ, ಮೌಟ್‌ಹೌಸೆನ್ ಪಾಳೆಯದ ಸೆರೆಯಲ್ಲಿ ಸತ್ತಿದ್ದರು.

4. ಹೊಲಮನೆಗಳನ್ನು ಕಳಕೊಂಡವರು

ಹಳ್ಳಿಗಳ ಸಂಗತಿಗೆ ಬರೋಣ. ದೇಶದ ಆಗ್ನೇಯದಲ್ಲಿ ಜಾಮೊಶ್ಚ್ ಎಂಬ ಸೀಮೆ ಉಂಟು; ಅಲ್ಲಿಯ ಭೂಮಿ ಒಳ್ಳೇ ಬೆಳೆಯ ಭೂಮಿ. 1942ನೆಯ ನವೆಂಬರ ಕಡೆಯಿಂದ 1943ನೆಯ ಆಗಸ್ಟಿನ ವರೆಗೆ ಸುಮಾರು 300 ಹಳ್ಳಿಗಳಿಂದ ಒಂದು ಲಕ್ಷ ಹತ್ತು ಸಾವಿರ ಮಂದಿಯನ್ನು ಹೊರಡಿಸಿ, ಅಲ್ಲಿ ಜರ್ಮನ್ ಒಕ್ಕಲುಗಳನ್ನು ತಂದಿಟ್ಟರು. ಬೆಳಗಾಗುವ ಮೊದಲು ಸೈನಿಕರು ಬಂದು ಬಾಗಲು ಬಡಿಯುವರು. ಮನೆಯವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಡಬೇಕು. ದನಕರುಗಳು ಕೊಟ್ಟಿಗೆಯಲ್ಲಿಯೂ ಧಾನ್ಯವು ಕಣಜದಲ್ಲಿಯೂ ಹೊಸಬರಿಗಾಗಿ ಉಳಿದವು.

ಹೊರಡಿಸಲ್ಪಟ್ಟವರೊಳಗೆ ಸುಮಾರು 30,000 ಮಕ್ಕಳಿದ್ದರು. ಪಾಳೆಯದಲ್ಲಿ ಬಹು ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿದರು. ದುಡಿಯಶಕ್ತರನ್ನು ಜರ್ಮನಿಗೆ ಕಳುಹಿಸಿದರು. ಕೆಲವರನ್ನು ಆಶ್ವಿಟ್ಜ್ ಸೆರೆಪಾಳೆಯಕ್ಕೆ ಕಳುಹಿಸಿದರು. ಮುದುಕರನ್ನೂ ಮಕ್ಕಳನ್ನೂ ಚಳಿಗಾಲದಲ್ಲಿ ಸರಕಿನ ಗಾಡಿಗಳಲ್ಲಿ ತುಂಬಿ ಬೇರೆ ಸೀಮೆಗಳಿಗೆ ಸಾಗಿಸಿದರು. ದಾರಿಯಲ್ಲಿಯೇ ಅನೇಕ ಮಕ್ಕಳು ಸತ್ತರು. ಆದರೆ ಗಾಡಿ ನಿಂತ ನಿಲ್ದಾಣಗಳಲ್ಲಿ ಊರವರು ಕೂಡಿಬಂದು, ಬದುಕಿದ್ದ ಮಕ್ಕಳನ್ನು ಹೇಗಾದರೂ ಬಿಡಿಸಿಕೊಂಡು ತಮ್ಮ ಮನೆಗಳಲ್ಲಿ ಸಾಕಿದರು.

5. ಮಿಖ್ನ್ಯೂವ್ ಎಂಬ ಹಳ್ಳಿ

ಮಿಖ್ನ್ಯೂವ್ ಎಂಬದು ಕಾಡಿನ ಅಂಚಿನ ಒಂದು ಹಳ್ಳಿ. ಕಾಡಿನಲ್ಲಿ ಅಡಗಿ ಜರ್ಮನರೊಂದಿಗೆ ಹೋರಾಡುತ್ತಿದ್ದ ದಂಡಿಗೆ ಈ ಊರವರು ನೆರವಾಗುತ್ತಾರೆಂಬ ವರ್ತಮಾನವು ಜರ್ಮನರಿಗೆ ಮುಟ್ಟಿತು. 1943ನೆಯ ಜುಲೈ 12ರಂದು ಅವರು ಹಳ್ಳಿಯನ್ನು ಸುತ್ತಿಕೊಂಡು, ಗಂಡಸರನ್ನು ಹುಲ್ಲಿನ ಕೊಟ್ಟಿಗೆಗಳಲ್ಲಿ ಕೂಡಿ ಬೆಂಕಿ ಇಟ್ಟರು. ಆ ರಾತ್ರಿ ಕಾಡಿನವರು ಸೇಡಿಗಾಗಿ ಒಂದು ರೈಲುಗಾಡಿಯ ಮೇಲೆ ಬಿದ್ದರು. ಮರುದಿನ ಜರ್ಮನರು ತಿರಿಗಿ ಬಂದು, ಉಳಿದಿದ್ದ ಹೆಂಗಸರನ್ನೂ ಮಕ್ಕಳನ್ನೂ ಕೊಂದು ಊರನ್ನು ಸುಟ್ಟರು. ಸತ್ತವರ ಲೆಕ್ಕ 204: ಗಂಡಸರು 102, ಹೆಂಗಸರು 54, ಮಕ್ಕಳು 48. ಅತಿ ಚಿಕ್ಕ ಕೂಸಿಗೆ ಒಂಬತ್ತೇ ದಿನ. ಬಳಿಕ ಅಲ್ಲಿ ಮನೆ ಕಟ್ಟಕೂಡದು, ಹೊಲ ಉಳಕೂಡದು ಎಂಬ ಅಪ್ಪಣೆಯಾಯಿತು.

ಕಾಡಿನವರಿಗೆ ರೊಟ್ಟಿ ಕೊಟ್ಟವರು ಆ ಊರಲ್ಲಿ ಇದ್ದಿರಬಹುದು. ಆದರೆ ತೊಟ್ಟಿಲ ಕೂಸು ಯಾರಿಗೆ ರೊಟ್ಟಿ ಕೊಟ್ಟಿತ್ತು? ಇಂಥ ದಂಡನೆಯನ್ನು ಅನುಭವಿಸಿದ ಹಳ್ಳಿಗಳು ನೂರಾರು. ಈಗ ಮಿಖ್ನ್ಯೂವಿನಲ್ಲಿ ಆ ಹಳ್ಳಿಗಳೆಲ್ಲವುಗಳ ನೆನಪಿಗಾಗಿ ಒಂದು ಸ್ಮಾರಕಮಂದಿರವಿದೆ. 2017ರಲ್ಲಿ ಪೋಲೆಂಡಿನ ಶಾಸನಸಭೆಯು ಜುಲೈ 12ನ್ನು ಹಳ್ಳಿಗಳ ಸ್ಮರಣೆಯ ದಿನವಾಗಿ ಗೊತ್ತುಮಾಡಿತು.

6. ಮಾರ್ಕೋವಾದ ಒಕ್ಕಲಿಗನು

1941ನೆಯ ಅಕ್ಟೋಬರಿನಲ್ಲಿ ಫ್ರಾಂಕನು ಯೆಹೂದ್ಯರಿಗೆ ಅಡಗಲು ಇಂಬು ಕೊಡುವವರಿಗೆ ಮರಣದಂಡನೆಯೆಂದು ಆಜ್ಞಾಪಿಸಿದನು. ಮಾರ್ಕೋವಾ ಎಂಬ ಹಳ್ಳಿಯಲ್ಲಿ ಯೂಜೆಫ್ ಉಲ್ಮಾ ಎಂಬ ಒಕ್ಕಲಿಗನಿದ್ದನು. ಅವನು ಹಣ್ಣಿನ ಸಸಿಗಳನ್ನು ಬೆಳಿಸುವವನು, ಜೇನನ್ನೂ ರೇಷ್ಮೆಹುಳುಗಳನ್ನೂ ಸಾಕಿದವನು. ಅವನೂ ಅವನ ಹೆಂಡತಿ ವಿಕ್ತೋರಿಯಾಳೂ ಎಂಟು ಮಂದಿ ಯೆಹೂದ್ಯರನ್ನು ತಮ್ಮ ಮನೆಯಲ್ಲಿ ಅಡಗಿಸಿ ಇಟ್ಟರು. 1944ನೆಯ ಮಾರ್ಚ್ 24ರಂದು ಜರ್ಮನ್ ಪೊಲೀಸರು ಬಂದು ಆ ಎಂಟು ಮಂದಿಯನ್ನೂ ಯೂಜೆಫನನ್ನೂ ಗರ್ಭಿಣಿಯಾಗಿದ್ದ ವಿಕ್ತೋರಿಯಾಳನ್ನೂ ಅವರ ಆರು ಮಂದಿ ಮಕ್ಕಳನ್ನೂ ಕೊಂದರು. ಇಲ್ಲಿಯೂ ಅದೇ ನಿಯಮ: ತಂದೆಯ ಕೃತ್ಯಕ್ಕೆ ಮಕ್ಕಳಿಗೆ ದಂಡ. ಅದೂ ಆ ಕೃತ್ಯವು ಕರುಣೆಯ ಕೃತ್ಯವಾಗಿತ್ತು.

ಸತ್ಯವನ್ನು ಪೂರಾ ಹೇಳಬೇಕಾದರೆ, ಭಯದಿಂದಲೂ ಲೋಭದಿಂದಲೂ ದ್ವೇಷದಿಂದಲೂ ಯೆಹೂದ್ಯರನ್ನು ಹಿಡಿದುಕೊಟ್ಟ ಪೋಲೆಂಡಿನವರೂ ಇದ್ದರು. ಬಾಧೆಪಟ್ಟ ಜನಾಂಗವೆಂದ ಮಾತ್ರಕ್ಕೆ ಅದರಲ್ಲಿ ಎಲ್ಲರೂ ನೀತಿವಂತರಾಗುವದಿಲ್ಲ. ಉಲ್ಮಾ ಮನೆಯವರ ಧೈರ್ಯವು ಎಷ್ಟು ದೊಡ್ಡದೆಂಬದು ಇದರಿಂದ ಮತ್ತಷ್ಟು ತೋರುತ್ತದೆ.

7. ನ್ಯಾಯವು ಎಷ್ಟರ ಮಟ್ಟಿಗೆ ನಡೆಯಿತು?

ಒಬ್ಬೊಬ್ಬರ ಕೃತ್ಯಕ್ಕಾಗಿ ಇಡೀ ಜನರನ್ನು ದಂಡಿಸಕೂಡದೆಂದು 1907ರಲ್ಲಿಯೇ ಹೇಗ್ ಪಟ್ಟಣದ ಒಡಂಬಡಿಕೆಯ 50ನೆಯ ವಿಧಿಯಲ್ಲಿ ಬರೆದಿತ್ತು. ಜರ್ಮನಿಯೂ ಅದಕ್ಕೆ ಒಪ್ಪಿತ್ತು. ಆದದರಿಂದ ಇವು ಯುದ್ಧದಲ್ಲಿ ಸಹಜವಾಗಿ ಆದ ಹಾನಿಗಳಲ್ಲ, ಅಪರಾಧಗಳು. ಹಾನ್ಸ್ ಫ್ರಾಂಕನನ್ನು ನ್ಯೂರೆಂಬರ್ಗಿನಲ್ಲಿ ವಿಚಾರಿಸಿ 1946ನೆಯ ಅಕ್ಟೋಬರ 16ರಂದು ಗಲ್ಲಿಗೇರಿಸಿದರು. ವಾವೆರಿನ ಕೊಲೆಗೆ ಅಪ್ಪಣೆ ಕೊಟ್ಟ ಮಾಕ್ಸ್ ಡೌಮೆ ಎಂಬವನಿಗೆ ವಾರ್ಸಾದ ನ್ಯಾಯಸ್ಥಾನದ ತೀರ್ಪಿನಂತೆ 1947ರಲ್ಲಿ ಮರಣದಂಡನೆಯಾಯಿತು.

ಆದರೆ ತಪ್ಪಿಸಿಕೊಂಡವರು ಬಹಳ. 1944ನೆಯ ಆಗಸ್ಟಿನಲ್ಲಿ ವಾರ್ಸಾದವರು ದಂಗೆ ಎದ್ದಾಗ, ಆ ಪಟ್ಟಣದ ವೋಲಾ ಎಂಬ ಭಾಗದಲ್ಲಿ ಕೆಲವೇ ದಿವಸಗಳೊಳಗೆ ಹತ್ತಾರು ಸಾವಿರ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಆಸ್ಪತ್ರೆಗಳ ರೋಗಿಗಳನ್ನೂ ಕೊಂದರು. ಅಲ್ಲಿ ದಳಪತಿಯಾಗಿದ್ದ ಹೈಂಟ್ಸ್ ರೈನೆಫಾರ್ಟನು ಯುದ್ಧಾನಂತರ ಜರ್ಮನಿಯ ವೆಸ್ಟರ್‌ಲಾಂಡ್ ಎಂಬ ಊರಿನ ಪುರಾಧ್ಯಕ್ಷನಾದನು, ಪ್ರಾಂತದ ಶಾಸನಸಭೆಯ ಸದಸ್ಯನೂ ಆದನು. ಅವನು ದಂಡನೆಯಿಲ್ಲದೆ 1979ರಲ್ಲಿ ಸತ್ತನು. 2014ರಲ್ಲಿ ಆ ಊರವರು ತಮ್ಮ ಪುರಭವನದ ಗೋಡೆಗೆ ಫಲಕವನ್ನು ಹಚ್ಚಿ, ಅವನ ಕೃತ್ಯವನ್ನು ಒಪ್ಪಿಕೊಂಡು ಲಜ್ಜೆಯನ್ನು ತಿಳಿಸಿದರು. ತಡವಾಯಿತು; ಆದರೂ ಬರೆದಿಟ್ಟದ್ದು ಒಳ್ಳೇದಾಯಿತು.

1949ರಲ್ಲಿ ಜಿನೀವಾ ಪಟ್ಟಣದಲ್ಲಿ ಆದ ನಾಲ್ಕನೆಯ ಒಡಂಬಡಿಕೆಯ 33ನೆಯ ವಿಧಿಯು, ತಾನು ಸ್ವತಃ ಮಾಡದ ಅಪರಾಧಕ್ಕಾಗಿ ಯಾರನ್ನೂ ದಂಡಿಸಕೂಡದೆಂದು ಇನ್ನಷ್ಟು ಸ್ಪಷ್ಟವಾಗಿ ಕಟ್ಟುಮಾಡಿತು. ಭಾರತವು 1950ರಲ್ಲಿ ಅದಕ್ಕೆ ಒಪ್ಪಿಗೆಯನ್ನು ಕೊಟ್ಟಿತು.

8. ಜರ್ಮನರ ವಿಷಯವಾಗಿ ಏನೆನ್ನೋಣ?

ಇಲ್ಲಿ ನಮ್ಮ ವಾಚಕರಲ್ಲಿ ಹಲವರಿಗೆ ಒಂದು ಪ್ರಶ್ನೆ ಏಳುವದು. ಕನ್ನಡ ನಾಡಿನವರು ಜರ್ಮನರ ಹೆಸರನ್ನು ಕೇಳಿದ್ದು ಬೇರೆ ರೀತಿಯಲ್ಲಿ. 1843ರಲ್ಲಿ ಮಂಗಳೂರು ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗರೂ 1894ರಲ್ಲಿ ಅಚ್ಚಾದ ಮಹಾನಿಘಂಟನ್ನು ರಚಿಸಿದ ಕಿಟ್ಟೆಲರೂ ಅದೇ ಜನಾಂಗದವರಲ್ಲವೇ? ಅದೇ ಜನಾಂಗದಿಂದ ಇಂಥದು ಹುಟ್ಟಿತೇ? ಹುಟ್ಟಿತು. ಇದನ್ನು ಮರೆಮಾಡುವದರಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಹಿಟ್ಲರನ ಕೃತ್ಯವನ್ನು ಕಿಟ್ಟೆಲರ ಮೇಲೆ ಹೊರಿಸಿದರೆ, ಅಥವಾ ಈಗ ಹುಟ್ಟುವ ಜರ್ಮನ್ ಮಕ್ಕಳ ಮೇಲೆ ಹೊರಿಸಿದರೆ, ವಾವೆರಿನ ನ್ಯಾಯಾಧಿಪತಿಗಳ ನಿಯಮವನ್ನೇ ನಾವು ಹಿಡಿದಂತಾಗುವದು. ಮಾಡಿದವರನ್ನು ಹೆಸರು ಹಿಡಿದು ಹೇಳಬೇಕು, ಮಾಡದವರನ್ನು ಬಿಟ್ಟುಬಿಡಬೇಕು. ನ್ಯಾಯವೆಂದರೆ ಇದೇ.

ಎರಡು ಜನಾಂಗಗಳೂ ಇದನ್ನು ಮೆಲ್ಲಮೆಲ್ಲನೆ ಕಲಿತವು. 1965ನೆಯ ಅಕ್ಟೋಬರಿನಲ್ಲಿ ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳ ಒಕ್ಕೂಟವು, ಮೂಡಲ ನೆರೆಯವರೊಂದಿಗೆ ಸಮಾಧಾನವಾಗಬೇಕೆಂಬ ವಿಜ್ಞಾಪನೆಯನ್ನು ಪ್ರಕಟಿಸಿ, ಸ್ವದೇಶದಲ್ಲಿ ಬಹು ಜನರ ಕೋಪಕ್ಕೆ ಗುರಿಯಾಯಿತು. ಮುಂದಿನ ತಿಂಗಳಲ್ಲಿ ಪೋಲೆಂಡಿನ ಕಥೋಲಿಕ ಬಿಷಪರು ಜರ್ಮನಿಯ ಬಿಷಪರಿಗೆ ಪತ್ರ ಬರೆದು, ಕ್ಷಮೆಯನ್ನು ಕೊಟ್ಟದ್ದಲ್ಲದೆ ಕ್ಷಮೆಯನ್ನು ಬೇಡಿಕೊಂಡರು. ಅವರಿಗೂ ಸ್ವದೇಶದ ಸರಕಾರದಿಂದ ನಿಂದೆಯೇ ದೊರೆಯಿತು. ಆದರೂ ಆ ಎರಡು ಕಾಗದಗಳಿಂದ ದಾರಿ ತೆರೆಯಿತು.

ನಮ್ಮ ಹಳ್ಳಿಗಳಲ್ಲಿ ಗುಂಡೂ ಇಲ್ಲ, ಸೆರೆಪಾಳೆಯವೂ ಇಲ್ಲ. ಆದರೆ ಒಬ್ಬ ಹುಡುಗನು ತಪ್ಪು ಮಾಡಿದರೆ ಅವನ ಮನೆಯವರಿಗೆಲ್ಲಾ ಬಾವಿಯ ನೀರನ್ನು ತಪ್ಪಿಸುವದೂ, ಒಬ್ಬನು ಕದ್ದರೆ ಅವರ ಕೇರಿಯೇ ಕಳ್ಳಕೇರಿ ಎನ್ನುವದೂ ನಾವು ಕೇಳದ ಸಂಗತಿಗಳಲ್ಲ. ದೊಡ್ಡ ಬೆಂಕಿಗೂ ಇದೇ ಕಿಡಿ.

ಕೂಡಿ ಯೋಚಿಸತಕ್ಕ ಪ್ರಶ್ನೆಗಳು

1. ವಾವೆರಿನಲ್ಲಿ ಕೊಂದವರು ಇಂಥವರೆಂದು ತಿಳಿದಿದ್ದರೂ ಬೇರೆಯವರನ್ನು ಯಾಕೆ ದಂಡಿಸಿದರು?
2. ಬಿಷಪ್ ಬುರ್ಶೆಯವರ ವಂಶವನ್ನೂ ಅವರ ಮರಣವನ್ನೂ ನೋಡಿದರೆ, ಕುಲವೆಂಬದರಿಂದ ಮನುಷ್ಯನನ್ನು ಅಳೆಯಬಹುದೋ?
3. ಉಲ್ಮಾ ಮನೆಯವರ ಸ್ಥಳದಲ್ಲಿ ನಾವಿದ್ದರೆ ನಮ್ಮ ಮಕ್ಕಳ ಪ್ರಾಣವನ್ನು ನೆನಸಿ ಏನು ಮಾಡುತ್ತಿದ್ದೆವು?
4. ವೆಸ್ಟರ್‌ಲಾಂಡಿನವರು ಸತ್ತವನ ಕೃತ್ಯವನ್ನು ಗೋಡೆಯ ಮೇಲೆ ಬರೆದದ್ದರಿಂದ ಏನು ಪ್ರಯೋಜನ?
5. ನಮ್ಮ ಊರಲ್ಲಿ ಒಬ್ಬನ ತಪ್ಪಿಗಾಗಿ ಈಗ ದಂಡ ತೆರುತ್ತಿರುವ ಮನೆ ಯಾವದಾದರೂ ಉಂಟೋ? ಇದ್ದರೆ ಅಲ್ಲಿಗೆ ಮೊದಲು ಹೋಗತಕ್ಕವರು ಯಾರು?