ಅಜ್ಜಾರ ತ್ರೀನಾಟ್‌ತ್ರೀಗೆ ಮನೆಯಲ್ಲೇ ತೋಟಾ?

ಅಂಕಲಿಯ ಓದುಗರೇ, ತೀರಿಹೋದ ಅಜ್ಜಾರ .303 ಬಂದೂಕು ಗುರಿ ತಪ್ಪುತ್ತದೆ, ತೋಟಾ ನಾನೇ ತುಂಬಲೇ ಎಂದು ಕೇಳಿದ್ದೀರಿ. ಬೇಡ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ; .303 ಅಂತೂ ನಿಷೇಧಿತ ಅಳತೆ. ಅಜ್ಜಾರ ಪರವಾನಗಿ ನಿಮಗೆ ನಡೆಯದು. ಠಾಣೆಗೆ ಮೊದಲು ತಿಳಿಸಿ, ಬಂದೂಕು ಒಪ್ಪಿಸಿ, ರಸೀದಿ ಪಡೆಯಿರಿ. ಮುಂದಿನದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಗುರಿಯ ಮಾತು. ತಪ್ಪೆಲ್ಲ ತೋಟಾದ್ದೇ ಅಲ್ಲ. ಹಳೆಯ ಕ್ಯಾಪುಗಳ ಉಪ್ಪು ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. ಆ ಉಪ್ಪು ಎಣ್ಣೆಗೆ ಬಗ್ಗದು. ಸಿಪಾಯಿಗಳು ಕುದಿನೀರನ್ನೇ ಸುರಿಯುತ್ತಿದ್ದರು! ಕೃಷ್ಣೆಯ ದಂಡೆಯ ತೇವಕ್ಕೆ ಬಂದೂಕಿನ ಕಟ್ಟಿಗೆ ಉಬ್ಬಿ ನಳಿಗೆಯನ್ನು ಒತ್ತಿದರೂ ಗುಂಡು ಪಕ್ಕಕ್ಕೆ ಸರಿಯುತ್ತದೆ. ಗುರಿ ಹೊಡೆಯುವ ಹವ್ಯಾಸವೇ ಮುಖ್ಯವಾದರೆ, ಪರವಾನಗಿ ಪಡೆದು .315 ಕೊಳ್ಳಿ. ಸೇನೆಯ ಅಳತೆ ಸಿಗದ ನಾಗರಿಕರಿಗೆಂದೇ ಬಂದದ್ದು ಅದು. ಕಾರ್ಖಾನೆಯ ತೋಟಾವೂ ಇದೆ.