ದೂರದ ಮಗುವಿಗೆ ಬರೆಯುವ ಕಾಗದ

ಪಾಠ: ಫಿಲೆಮೋನನಿಗೆ ಬರೆದ ಪತ್ರಿಕೆ, 1–25 ವಚನಗಳು

ಪೌಲನು ಸೆರೆಯಲ್ಲಿದ್ದು ಬರೆದ ಈ ಚಿಕ್ಕ ಪತ್ರಿಕೆಯನ್ನು ಮೊದಲು ಮನೆಯವರೆಲ್ಲರೂ ಕೂಡಿ ಓದಿರಿ. ಒನೇಸಿಮನೆಂಬ ಒಬ್ಬ ದಾಸನಿಗೋಸ್ಕರ ಅಪೊಸ್ತಲನು ಇದನ್ನು ಬರೆದನು. ಅವನ ಸಾಲವೇನಾದರೂ ಇದ್ದರೆ ತಾನೇ ತೀರಿಸುವೆನೆಂದು ಸ್ವಂತ ಕೈಯಿಂದ ಬರೆದುಕೊಟ್ಟನು. ಅವನನ್ನು ದಾಸನಂತಲ್ಲ, ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡನು. ಹಣದ ಮಾತೂ ಪ್ರೀತಿಯ ಮಾತೂ ಒಂದೇ ಕಾಗದದಲ್ಲಿ ಕೂಡಿವೆ. ಬಡಮಕ್ಕಳನ್ನು ಪೋಷಿಸುವ ಕಾರ್ಯದಲ್ಲಿಯೂ ಈ ಎರಡು ಕೂಡಿರಬೇಕೆಂಬದೇ ನಮ್ಮ ಪಾಠ.

1. ಕಾರ್ಯವು ಆರಂಭವಾದ ವಿಧ. 1952ರಲ್ಲಿ, ಕೊರಿಯ ದೇಶದಲ್ಲಿ ಯುದ್ಧವು ನಡೆಯುತ್ತಿದ್ದಾಗ, ಎವರೆಟ್ ಸ್ವಾನ್ಸನ್ ಎಂಬ ಅಮೇರಿಕದ ಸುವಾರ್ತಿಕನು ಸಿಪಾಯಿಗಳಿಗೆ ಬೋಧಿಸುವದಕ್ಕೆ ಅಲ್ಲಿಗೆ ಹೋದನು. ಚಳಿಗಾಲದ ಒಂದು ಮುಂಜಾನೆ ಸಿಯೋಲ್ ಪಟ್ಟಣದ ಬೀದಿಯಲ್ಲಿ ಆಳುಗಳು ಹರಕು ಬಟ್ಟೆಯ ಗಂಟುಗಳನ್ನು ಎತ್ತಿ ಲಾರಿಗೆ ಹಾಕುವದನ್ನು ಕಂಡು ಹತ್ತಿರ ಹೋಗಿ ನೋಡಲು, ಅವು ಗಂಟುಗಳಲ್ಲ, ರಾತ್ರಿಯ ಚಳಿಗೆ ಸತ್ತ ಅನಾಥಮಕ್ಕಳ ಶವಗಳೆಂದು ತಿಳಿದನೆಂದು ಹೇಳುತ್ತಾರೆ. ಅವನು ಊರಿಗೆ ಹಿಂದಿರುಗಿ ಸಭೆಗಳಿಗೆ ಇದನ್ನು ತಿಳಿಸಿ ಸಹಾಯವನ್ನು ಕೂಡಿಸಿದನು. ಇದರಿಂದ ಕಂಪ್ಯಾಷನ್ ಎಂಬ ಸಂಘವು ಹುಟ್ಟಿತು.

2. ಹಣವೂ ಕಾಗದವೂ. ಈ ಸಂಘದ ಕ್ರಮವು ಹೇಗಂದರೆ, ಒಬ್ಬ ಪೋಷಕನಿಗೆ ಒಂದು ಮಗುವಿನ ಹೆಸರೂ ಚಿತ್ರವೂ ಕೊಡಲ್ಪಡುತ್ತದೆ. ಅವನು ತಿಂಗಳು ತಿಂಗಳಿಗೆ ಹಣವನ್ನು ಕಳುಹಿಸುತ್ತಾನೆ, ಕಾಗದವನ್ನೂ ಬರೆಯುತ್ತಾನೆ. ಸಂಘದವರು ಅದನ್ನು ಓದಿ, ಬೇಕಾದರೆ ಮಗುವಿನ ಭಾಷೆಗೆ ತಿರುಗಿಸಿ ಮುಟ್ಟಿಸುತ್ತಾರೆ. ಮಗುವಿನ ಉತ್ತರವೂ ಹಾಗೆಯೇ ಹೋಗುತ್ತದೆ. ಇಂಥ ಪೋಷಣೆಯಿಂದ ಫಲವುಂಟೋ? ಇಂಡಿಯವೂ ಸೇರಿ ಆರು ದೇಶಗಳಲ್ಲಿ 10,144 ಜನರ ವಿಷಯ ವಿಚಾರಿಸಿ 2013ರಲ್ಲಿ ಪಂಡಿತರು ಪ್ರಕಟಿಸಿದ ಲೇಖನದ ಪ್ರಕಾರ, ಪೋಷಣೆ ಹೊಂದಿದ ಮಕ್ಕಳು ಒಂದು ವರುಷಕ್ಕಿಂತ ಹೆಚ್ಚಾಗಿ ಶಾಲೆಯಲ್ಲಿ ಕಲಿತರು. ಇದು ಒಳ್ಳೇದೇ. ಆದರೆ ಅನ್ನವು ಹೊಟ್ಟೆಯನ್ನು ತುಂಬಿಸುವದು. ದೂರದಲ್ಲಿ ಒಬ್ಬರು ತನ್ನ ಹೆಸರನ್ನು ಬಲ್ಲರು, ತನಗಾಗಿ ಪ್ರಾರ್ಥಿಸುತ್ತಾರೆ ಎಂಬ ಧೈರ್ಯವನ್ನು ಕಾಗದವೇ ಕೊಡುವದು.

3. ಪಡೆದವರು ಕೊಡುವವರಾದದ್ದು. ಕೊರಿಯದವರು ಕ್ರಮೇಣ ಬಲಗೊಂಡದ್ದರಿಂದ 1993ರಲ್ಲಿ ಅಲ್ಲಿನ ಪೋಷಣೆಯು ಮುಗಿಯಿತು. 2003ರಲ್ಲಿ ಆ ದೇಶದವರೇ ಬೇರೆ ದೇಶಗಳ ಮಕ್ಕಳನ್ನು ಪೋಷಿಸತೊಡಗಿದರು. ನಮ್ಮ ದೇಶದಲ್ಲಾದರೋ ಪರದೇಶದ ಹಣಕ್ಕೆ ಸರಕಾರದ ಅಪ್ಪಣೆಯನ್ನು ಮುಂಚಿತವಾಗಿ ಪಡೆಯಬೇಕೆಂದಾದ ಮೇಲೆ, 2017ರ ಮಾರ್ಚ್ ತಿಂಗಳಲ್ಲಿ ಆ ಸಂಘವು ಇಲ್ಲಿಯ ಕಾರ್ಯವನ್ನು ನಿಲ್ಲಿಸಬೇಕಾಯಿತು. ಲಕ್ಷಕ್ಕೂ ಮಿಕ್ಕ ಮಕ್ಕಳಿಗೆ ಹಣವೂ ಕಾಗದವೂ ಒಟ್ಟಿಗೆ ನಿಂತುಹೋದವು. ಸಮುದ್ರದಾಚೆಯ ಸ್ನೇಹಿತನ ಕೈ ಹೀಗೆ ತಡೆಯಲ್ಪಟ್ಟಾಗ, ಮಗುವಿನ ಪಕ್ಕದ ಮನೆಯವರು ಯಾರು? ನಾವಲ್ಲವೇ?

4. ನಾವು ಕಲಿಯತಕ್ಕದ್ದು. ನಿಮ್ಮ ಮಗುವು ಪೋಷಕನಿಗೆ ಬರೆಯುವದಾದರೆ, ಬೇಡುವ ಕಾಗದವನ್ನು ಬರೆಯಿಸಬೇಡಿರಿ. ಹೊಸ ಕರುವಿನ ವಿಷಯ, ರಾಗಿಯ ಕೊಯ್ಲು, ಶಾಲೆಯ ಪಾಠ, ಇವುಗಳನ್ನು ಬರೆಯಲಿ. ಪೋಷಕನ ಕ್ಷೇಮವನ್ನೂ ಕೇಳಲಿ. ಬಡವನ ಮಗುವೂ ಇತರರಿಗಾಗಿ ಪ್ರಾರ್ಥಿಸಬಲ್ಲದು. ಅದೇ ಅದು ಕೊಡುವ ದಾನ. ನೀವೇ ಪೋಷಿಸುವವರಾದರೆ ನಿಮ್ಮ ಉಪಕಾರವನ್ನು ಎಣಿಸಿ ಹೇಳಬೇಡಿರಿ. ನಡಿಸಲಾರದ ಮಾತನ್ನು ಕೊಡಬೇಡಿರಿ. ಮಗುವು ಕೇಳಿದ ಪ್ರಶ್ನೆಗೆ ಮರೆಯದೆ ಉತ್ತರ ಬರೆಯಿರಿ. ನಮಗೆ ಹಣವೆಲ್ಲಿ ಎನ್ನುವ ಸಭೆಯು ಮಕೆದೋನ್ಯದವರನ್ನು ನೆನಸಲಿ (2 ಕೊರಿಂಥ 8:1–5). ಅವರು ಕಡುಬಡತನದಲ್ಲಿಯೇ ಕೊಟ್ಟರು. ಹತ್ತು ಮನೆಯವರು ದಿನಕ್ಕೊಂದು ಹಿಡಿ ಅಕ್ಕಿಯನ್ನು ತೆಗೆದಿಟ್ಟರೆ, ನೆರೆಯ ಹಳ್ಳಿಯ ಒಬ್ಬ ವಿಧವೆಯ ಮಗುವಿಗೆ ಪುಸ್ತಕ ಕೊಡಿಸಲಾಗದೋ? ಆ ಪುಸ್ತಕದೊಳಗೆ ಮಗುವಿನ ಹೆಸರು ಬರೆದ ಒಂದು ಕಾಗದವೂ ಇರಲಿ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಪೌಲನು ಒನೇಸಿಮನಿಗಾಗಿ ಏನೇನು ಬೇಡಿಕೊಂಡನು?
2. ಹಣದೊಡನೆ ಕಾಗದವನ್ನೂ ಕಳುಹಿಸತಕ್ಕದ್ದು ಯಾಕೆ?
3. ನಮ್ಮ ಸಭೆಯು ಈ ವರುಷ ಯಾವ ಮಗುವಿನ ಹೆಸರನ್ನು ತಿಳುಕೊಳ್ಳುವದು?